ಮೊದಲ ನಿದ್ದೆ ತಾನಾಗಿ ಬರಲಿ

ಮಗು ನಡುರಾತ್ರಿ ಎದ್ದು ಬಂದು ನಮ್ಮಿಬ್ಬರ ನಡುವೆ ನುಸುಳುತ್ತದೆ, ಏನು ಮಾಡಬೇಕು ಎಂದು ಕೇಳುವ ಎಳೆಯ ಅಪ್ಪ-ಅಮ್ಮಂದಿರನ್ನು ನಾನು ಮೊದಲು ವಿಚಾರಿಸುವುದು ರಾತ್ರಿ ಎಂಟೂವರೆಯ ಸಂಗತಿಯನ್ನು. ಮಗು ಕಣ್ಣು ಮುಚ್ಚುವ ಹೊತ್ತಿಗೆ ಅದರ ಹತ್ತಿರ ಏನಿತ್ತು? ಅಮ್ಮನ ತೋಳೇ, ಅಪ್ಪನ ಹೆಗಲೇ, ಬಾಯಲ್ಲಿ ಹಾಲಿನ ಬಾಟಲಿಯೇ, ಮೊಬೈಲಿನ ಹಾಡೇ? ಇದಕ್ಕೆ ಸಿಗುವ ಉತ್ತರದಲ್ಲೇ ರಾತ್ರಿ ಎರಡು ಗಂಟೆಯ ಅಳುವಿನ ಕಾರಣವೂ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಮೊದಲು ತಮ್ಮ-ತಂಗಿಯರನ್ನು, ಆಮೇಲೆ ನನ್ನ ಮಕ್ಕಳನ್ನು, ಈಗ ಮೊಮ್ಮಕ್ಕಳನ್ನು ಮಲಗಿಸುತ್ತಿರುವ ನಾನು ನಿಮಗೆ ಒಂದೇ ಮಾತು ಹೇಳಬೇಕಿದ್ದರೆ ಇದನ್ನೇ ಹೇಳುತ್ತೇನೆ: ಮಗು ರಾತ್ರಿಯ ಮೊದಲ ನಿದ್ದೆಗೆ ತನ್ನ ಹಾಸಿಗೆಯಲ್ಲಿ, ತಾನಾಗಿ ಜಾರುವುದನ್ನು ಕಲಿಸಿ. ಉಳಿದ ರಾತ್ರಿ ಅದರ ಹಿಂದೆಯೇ ಸರಿಹೋಗುತ್ತದೆ.

ನಿದ್ದೆ ಸಂಜೆಯಿಂದ ಬೆಳಗಿನವರೆಗೆ ಒಂದೇ ಸಮ ಇರುವುದಿಲ್ಲ. ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಸುತ್ತು ಸುತ್ತಾಗಿ ಬರುತ್ತವೆ. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ. ಪುಟ್ಟ ಮಕ್ಕಳಲ್ಲಿ ಅದಕ್ಕಿಂತ ಚಿಕ್ಕದು, ಹೆಚ್ಚುಕಡಿಮೆ ಒಂದು ತಾಸು. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆಗಳಿಗೆ ಎಚ್ಚರಾಗುತ್ತೇವೆ. ನಾವು ಮಗ್ಗುಲು ಬದಲಿಸಿ, ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತೇವೆ. ಬೆಳಿಗ್ಗೆ ನೆನಪೂ ಇರುವುದಿಲ್ಲ. ಮಗುವೂ ಹಾಗೆಯೇ ಎಚ್ಚರಾಗುತ್ತದೆ. ಅಮ್ಮನ ತೋಳಿನಲ್ಲಿ ಕಣ್ಣು ಮುಚ್ಚಿದ ಮಗು ಆಗ ತೋಳನ್ನು ಹುಡುಕುತ್ತದೆ, ಸಿಗದಿದ್ದರೆ ಅಳುತ್ತದೆ. ಬಾಟಲಿ ಚೀಪುತ್ತ ಮಲಗಿದ ಮಗುವಿಗೆ ಬಾಟಲಿಯೇ ಬೇಕು, ಹೊಟ್ಟೆ ತುಂಬಿದ್ದರೂ ಬೇಕು. ತನ್ನ ಹಾಸಿಗೆಯಲ್ಲಿ, ತನ್ನ ಹೊದಿಕೆಯ ಮೂಲೆ ಹಿಡಿದು ಮಲಗಿದ ಮಗು ಎಚ್ಚರಾದಾಗಲೂ ಅದೇ ಹಾಸಿಗೆ, ಅದೇ ಹೊದಿಕೆ ಕೈಗೆ ಸಿಗುತ್ತದೆ. ಅದಕ್ಕೆ ನಿಮ್ಮನ್ನು ಕರೆಯುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ, ತೊಡೆಯ ಮೇಲೆ ಪೂರ್ತಿ ಮಲಗಿಸಿ ಆಮೇಲೆ ಕಳ್ಳಹೆಜ್ಜೆಯಲ್ಲಿ ಒಯ್ದು ಹಾಸಿಗೆಗೆ ಹಾಕುವ ನಮ್ಮೆಲ್ಲರ ಹಳೆಯ ಜಾಣತನ ಇಲ್ಲಿ ನೆರವಿಗೆ ಬರದು. ತೂಕಡಿಕೆ ಬಂದಿರಬೇಕು, ಕಣ್ಣು ಇನ್ನೂ ತೆರೆದಿರಬೇಕು; ಆಗ ಹಾಸಿಗೆಗೆ.

ಮುಂದೆ ಹೋಗುವ ಮೊದಲು ಒಂದು ಮಾತು. ಮಗುವನ್ನು ಜೊತೆಯಲ್ಲಿ ಮಲಗಿಸಿಕೊಳ್ಳುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಪಡಸಾಲೆಯಲ್ಲಿ ಉದ್ದಕ್ಕೆ ಚಾಪೆ ಹಾಸಿ ಅಜ್ಜಿ, ಚಿಕ್ಕಮ್ಮ, ಐದಾರು ಮಕ್ಕಳು ಸಾಲಾಗಿ ಮಲಗಿದ ಮನೆಗಳಲ್ಲಿ ಬೆಳೆದವರು ನಾವು. 17 ದೇಶ-ಪ್ರದೇಶಗಳ ಮೂರು ವರ್ಷದೊಳಗಿನ ಮಕ್ಕಳ ನಿದ್ದೆಯನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಭಾರತವೂ ಇತ್ತು. ಏಷ್ಯಾದ ಮನೆಗಳಲ್ಲಿ ಮಕ್ಕಳು ಹೆತ್ತವರ ಕೋಣೆಯಲ್ಲಿ, ಹಾಸಿಗೆಯಲ್ಲಿ ಮಲಗುವುದೇ ಹೆಚ್ಚು ಎಂಬುದು ಅಲ್ಲೂ ಕಂಡುಬಂತು. ಮೂವರಿಗೂ ಚೆನ್ನಾಗಿ ನಿದ್ದೆ ಬರುತ್ತಿದ್ದರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಹಾಗೆಯೇ ಮಲಗಿ. ಆದರೆ ಅಪ್ಪ ಸೋಫಾಕ್ಕೆ ಎದ್ದು ಹೋಗಿ ತಿಂಗಳುಗಳಾಗಿದ್ದರೆ, ಎರಡನೆಯದು ಹೊಟ್ಟೆಯಲ್ಲಿದ್ದು ಅಮ್ಮನಿಗೆ ಒದೆತ ತಡೆಯಲಾಗದಿದ್ದರೆ, ಮಗುವೇ ತಾಸಿಗೊಮ್ಮೆ ಎದ್ದು ಹಗಲೆಲ್ಲ ರಚ್ಚೆ ಹಿಡಿಯುತ್ತಿದ್ದರೆ ಬದಲಾಯಿಸಬೇಕು. ಹಾಗೆ ಬದಲಾಯಿಸುವ ತಾಯಿ ಮಗುವನ್ನು ದೂರ ತಳ್ಳುತ್ತಿದ್ದಾಳೆ ಎಂದು ಯಾರಾದರೂ ಅಂದರೆ ಅದನ್ನೂ ಕಿವಿಗೆ ಹಾಕಿಕೊಳ್ಳಬೇಡಿ. ನಾನಿಲ್ಲಿ ಹೇಳುವುದೆಲ್ಲ ಒಂದೂವರೆ ವರ್ಷ ದಾಟಿದ ಮಕ್ಕಳ ಮಾತು. ವರ್ಷ ತುಂಬದ ಕೂಸಿನ ಲೆಕ್ಕವೇ ಬೇರೆ.

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ತಾಸು, ಮೂರು-ನಾಲ್ಕು ವರ್ಷದ ಮಗುವಿಗೆ 10ರಿಂದ 13 ತಾಸು ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆ. ಇದರಲ್ಲಿ ಮಧ್ಯಾಹ್ನದ ನಿದ್ದೆಯೂ ಸೇರಿದೆ. ಮಧ್ಯಾಹ್ನ ನಾಲ್ಕರ ನಂತರವೂ ಮಲಗಿದ್ದ ಮಗು ರಾತ್ರಿ ಎಂಟೂವರೆಗೆ ಮಲಗದಿದ್ದರೆ ಅದು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ನಿದ್ದೆ ಬಂದಿಲ್ಲ. ಊಟವಾದ ಕೂಡಲೇ ಮಲಗಿಸಿ, ಮೂರೂವರೆಯೊಳಗೆ ಎಬ್ಬಿಸಿ. ಸಂಜೆ ದೊಡ್ಡವರ ಜೊತೆ ಬಿಸ್ಕತ್ತು ಅದ್ದಿ ಚಹಾ ಕುಡಿಸುವ ಅಭ್ಯಾಸ ನಮ್ಮ ಬಹಳ ಮನೆಗಳಲ್ಲಿದೆ. ಅದನ್ನು ನಿಲ್ಲಿಸಿ. ಚಹಾದ ಕೆಫೀನ್ ಆ ಪುಟ್ಟ ಮೈಯಿಂದ ಇಳಿಯಲು ಬಹಳ ಹೊತ್ತು ಬೇಕು, ಮೇಲಾಗಿ ಚಹಾ ಊಟದ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ನಾನು ಕಾಣುವ ದೊಡ್ಡ ತೊಡಕು ಅಪ್ಪ ಮನೆಗೆ ಬರುವ ಹೊತ್ತು. ಟ್ರಾಫಿಕ್ ದಾಟಿ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾನೆ. ಕಣ್ಣುಜ್ಜಿಕೊಳ್ಳುತ್ತಿದ್ದ ಮಗು ಚಿಗರೆಯಂತೆ ಎದ್ದು ಓಡುತ್ತದೆ. ಮೇಲಕ್ಕೆ ಹಾರಿಸಿ ಹಿಡಿಯುವುದು, ಕಚಗುಳಿ, ಕುದುರೆ ಸವಾರಿ ಎಲ್ಲ ಆಗಿ ಮಗು ಮಲಗುವಷ್ಟರಲ್ಲಿ ಹತ್ತೂವರೆ. ಇದರಲ್ಲಿ ಅಪ್ಪನ ತಪ್ಪೇನೂ ಇಲ್ಲ. ಇಡೀ ದಿನ ಅವನು ಕಾದದ್ದು ಆ ಅರ್ಧ ತಾಸಿಗಾಗಿ. ಆದರೂ ಹೇಳುತ್ತೇನೆ, ಆ ಅರ್ಧ ತಾಸನ್ನು ಬೆಳಿಗ್ಗೆಗೆ ತೆಗೆದುಕೊಂಡು ಹೋಗಿ. ಬೆಳಗಿನ ಸ್ನಾನ, ತಿಂಡಿ ಅಪ್ಪನದಾಗಲಿ. ರಾತ್ರಿ ತಡವಾಗಿ ಬಂದ ದಿನ ಮೆಲ್ಲಗೆ ಒಳಬಂದು, ಕೈಕಾಲು ತೊಳೆದು, ಮಂದ ಬೆಳಕಿನಲ್ಲಿ ಕಥೆ ಹೇಳುವ ಪಾಲು ಅವನಿಗಿರಲಿ. ದಣಿವು ಮೀರಿದ ಮಗು ಹೊಸ ಹುರುಪಿನಲ್ಲಿ ಕುಣಿಯುವುದನ್ನು ಕಂಡು ‘ಇವನಿಗೆ ನಿದ್ದೆಯೇ ಬಂದಿಲ್ಲ’ ಎನ್ನುತ್ತೇವೆ. ನಿದ್ದೆ ಬಂದು, ಕಾದು, ಹೋಗಿರುತ್ತದೆ.

ಈಗಾಗಲೇ ಹತ್ತೂವರೆಗೆ ಮಲಗುವ ರೂಢಿ ಬಿದ್ದಿರುವ ಮಗುವನ್ನು ನಾಳೆಯೇ ಎಂಟೂವರೆಗೆ ಹಾಸಿಗೆಗೆ ಹಾಕಬೇಡಿ. ಎರಡು ತಾಸು ಹೊರಳಾಡಿದರೆ ಹಾಸಿಗೆ ಎಂದರೆ ಜಗಳದ ಜಾಗ ಎಂಬುದು ಅದರ ತಲೆಯಲ್ಲಿ ಕೂತುಬಿಡುತ್ತದೆ. ಅದಕ್ಕೆ ನಿಜವಾಗಿ ನಿದ್ದೆ ಬರುವ ಹೊತ್ತಿಗೇ ಮಲಗಿಸಿ. ಬೆಳಿಗ್ಗೆ ಎಷ್ಟೇ ಮುದ್ದಾಗಿ ಮಲಗಿರಲಿ, ಗೊತ್ತಾದ ಹೊತ್ತಿಗೆ ಎಬ್ಬಿಸಿ. ಎರಡು-ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ನಿಧಾನವಾದರೂ ಇದು ಕಣ್ಣೀರಿಲ್ಲದ ದಾರಿ.

ಇನ್ನು ಮಲಗುವ ಮುಂಚಿನ ಕ್ರಮ. ಏಳು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳ 405 ತಾಯಂದಿರೊಡನೆ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಸ್ನಾನ, ಮೈ ಸವರುವುದು, ಆಮೇಲೆ ಸದ್ದಿಲ್ಲದ ಮುದ್ದು ಮತ್ತು ಹಾಡು, ದಿನವೂ ಅದೇ ಕ್ರಮದಲ್ಲಿ. ಎರಡೇ ವಾರದಲ್ಲಿ ಮಕ್ಕಳು ಬೇಗ ಮಲಗತೊಡಗಿದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ನಮ್ಮ ಅಜ್ಜಿಯರು ಎಣ್ಣೆ ಹಚ್ಚಿ, ನೀರು ಹಾಕಿ, ಜೋಗುಳ ಹಾಡಿ ಮಾಡಿದ್ದೂ ಇದನ್ನೇ. ಬೆಚ್ಚಗಿನ ನೀರಿಗೆ ಒಂದು ಕಾರಣವಿದೆ. ಸ್ನಾನದ ನಂತರ ಚರ್ಮದ ಮೂಲಕ ಶಾಖ ಹೊರಹೋಗಿ ಒಡಲೊಳಗಿನ ಬಿಸಿ ಸ್ವಲ್ಪ ಇಳಿಯುತ್ತದೆ, ಆ ಇಳಿತವೇ ನಿದ್ದೆಯನ್ನು ಕರೆತರುತ್ತದೆ. ದಿನವೂ ಸ್ನಾನ ಆಗದಿದ್ದರೆ ಬಿಸಿನೀರಲ್ಲಿ ಕೈಕಾಲು ತೊಳೆದರೂ ಸಾಕು. ನಿಮ್ಮ ಮನೆಯ ಕ್ರಮ ನಿಮ್ಮದು: ಹಾಲು, ಹಲ್ಲುಜ್ಜುವುದು, ದೇವರ ದೀಪಕ್ಕೆ ಕೈಮುಗಿಯುವುದು, ಒಂದು ಕಥೆ, ಒಂದು ಹಾಡು. ಹಾಲು ಮೊದಲಿಗೆ ಬರಬೇಕು, ಕೊನೆಗಲ್ಲ. ಎದೆಹಾಲು ಕುಡಿಯುವ ಮಗುವಿಗೂ ಇದೇ ಮಾತು; ಎರಡು ವರ್ಷ ಮತ್ತು ಅದರಾಚೆಗೂ ಧಾರಾಳವಾಗಿ ಕುಡಿಸಿ, ಆದರೆ ಕುಡಿಯುತ್ತ ಕುಡಿಯುತ್ತಲೇ ಮಲಗಿಬಿಡುವ ನಂಟನ್ನು ಮೆಲ್ಲಗೆ ಬಿಡಿಸಿ. ಬಾಟಲಿ ಹಾಲನ್ನಂತೂ ಬಾಯಲ್ಲಿಟ್ಟು ಮಲಗಿಸಲೇಬೇಡಿ. ರಾತ್ರಿಯೆಲ್ಲ ಹಲ್ಲಿಗೆ ಅಂಟುವ ಆ ಸಿಹಿಯಿಂದ ಮುಂದಿನ ಹಾಲುಹಲ್ಲುಗಳು ಹುಳುಕಾಗಿ ಕರಗುತ್ತವೆ.

ಕಥೆ ಯಾವುದೆಂಬ ಚಿಂತೆ ಬೇಡ. ಕಾಗಕ್ಕ-ಗುಬ್ಬಕ್ಕನದೇ ಆಗಲಿ, ತಿಂಗಳಿಡೀ ಅದೇ ಆಗಲಿ. ನಿಮಗೆ ಬೇಸರ ಬಂದೀತು. ಮುಂದೇನು ಬರುತ್ತದೆ ಎಂಬುದು ಗೊತ್ತಿರುವುದರಲ್ಲೇ ಮಗುವಿಗೆ ನೆಮ್ಮದಿ. ಮೊಬೈಲು, ಟಿವಿ ಮಲಗುವುದಕ್ಕೆ ಒಂದು ತಾಸು ಮೊದಲೇ ಆರಲಿ. ಎಳೆಯ ಕಣ್ಣು ನಮ್ಮ ಕಣ್ಣಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಬೆಳಕಿದ್ದಷ್ಟೂ ತಡವಾಗುತ್ತದೆ. ಕೋಣೆಯ ಟ್ಯೂಬ್‌ಲೈಟನ್ನೂ ಆರಿಸಿ, ಸಣ್ಣ ಹಳದಿ ದೀಪ ಸಾಕು.

ಹಾಸಿಗೆಗಾಗಿ ಕಾರಿನಾಕಾರದ ಮಂಚ ತರಬೇಕಿಲ್ಲ. ನೆಲದ ಮೇಲೊಂದು ಹಾಸಿಗೆ, ಮೇಲೆ ಸೊಳ್ಳೆಪರದೆ, ಅಷ್ಟೇ. ಬೀಳುವ ಭಯವಿಲ್ಲ, ಮಗು ತಾನೇ ಹತ್ತಿ ಇಳಿಯಬಹುದು. ಮೊದಲಿಗೆ ನಿಮ್ಮ ಕೋಣೆಯಲ್ಲೇ, ನಿಮ್ಮ ಮಂಚದ ಪಕ್ಕದಲ್ಲೇ ಹಾಸಿ. ಬೇರೆ ಕೋಣೆ ಆಮೇಲಿನ ಮಾತು, ಇಲ್ಲದಿದ್ದರೂ ನಡೆಯುತ್ತದೆ. ಉತ್ತರ ಕರ್ನಾಟಕದ ಮನೆಯಾದರೆ ಒಂದು ಕೌದಿ ಕೊಡಿ. ನನ್ನ ಮೊಮ್ಮಗಳ ಕೌದಿಯಲ್ಲಿ ಅವಳಮ್ಮನ ಹಳೆಯ ಸೀರೆಗಳು ಪದರಪದರವಾಗಿ ಕೂತಿವೆ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಬಿಳಿ ದಾರದ ಹೊಲಿಗೆ. ಅವಳು ಮಗ್ಗುಲಾಗಿ ಮಲಗಿ ತೋರುಬೆರಳಿನಿಂದ ಆ ಹೊಲಿಗೆಯ ಗುಬ್ಬುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗುತ್ತಾಳೆ, ಮೂಲೆಗೆ ಬಂದರೆ ಹಿಂದಿರುಗುತ್ತಾಳೆ. ಬೆರಳು ನಿಧಾನವಾಗುತ್ತದೆ, ನಿಲ್ಲುತ್ತದೆ, ಮತ್ತೊಮ್ಮೆ ಅಲುಗುತ್ತದೆ. ನಡುರಾತ್ರಿ ಎಚ್ಚರಾದಾಗಲೂ ಅವಳ ಕೈ ಹೋಗುವುದು ಆ ಹೊಲಿಗೆಗೇ. ನಿಮ್ಮ ಮಗುವಿಗೆ ಅದು ಅಮ್ಮನ ಹಳೆಯ ದುಪಟ್ಟಾದ ತುಂಡು ಆಗಿರಬಹುದು, ಬಟ್ಟೆಯ ಗೊಂಬೆ ಆಗಿರಬಹುದು. ರಾತ್ರಿಯಿಡೀ ಹಾಸಿಗೆಯಲ್ಲೇ ಉಳಿಯುವಂಥದ್ದಾಗಿರಲಿ, ಕೊರಳಿಗೆ ಸುತ್ತಿಕೊಳ್ಳುವಷ್ಟು ಉದ್ದ ಇರದಿರಲಿ.

ಮಗು ತಾನಾಗಿ ಹಾಸಿಗೆ ಬಿಟ್ಟು ಇಳಿಯಬಲ್ಲದು ಎಂದ ಮೇಲೆ ಇಡೀ ಮನೆಯನ್ನು ಅದರ ಎತ್ತರದಲ್ಲಿ ಕೂತು ಒಮ್ಮೆ ನೋಡಿ. ಬಾಲ್ಕನಿಯ ಚಿಲಕ, ಗೋಡೆಗೆ ಬಿಗಿಯದ ಕಪಾಟು, ಕೆಳಗಿರುವ ಪ್ಲಗ್ಗು. ಎಲ್ಲಕ್ಕಿಂತ ಮುಖ್ಯ, ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟು. ಬೆಳಿಗ್ಗೆ ನೀರು ಬರುವುದಿಲ್ಲವೆಂದು ರಾತ್ರಿಯೇ ತುಂಬಿಡುವವರು ನಾವು. ತಲೆ ಭಾರದ ಪುಟ್ಟ ಮಗು ಅದರೊಳಗೆ ಬಗ್ಗಿದರೆ ಮತ್ತೆ ಏಳಲಾರದು. ಬಚ್ಚಲ ಬಾಗಿಲಿಗೆ ಹೊರಗಿನಿಂದ, ಮೇಲುಗಡೆ ಚಿಲಕ ಹಾಕಿಯೇ ಮಲಗಿ.

ಕಲಿಸುವ ಬಗೆ ಹೀಗೆ. ಮೊದಲ ಕೆಲವು ರಾತ್ರಿ ಹಾಸಿಗೆಯ ಪಕ್ಕ ಕೂತು, ಮೈಮೇಲೆ ಕೈಯಿಟ್ಟಿರಿ, ಜೊತೆಗೆ ಮಲಗಬೇಡಿ. ಅದು ರೂಢಿಯಾದ ಮೇಲೆ ಕೈ ತೆಗೆದು ಸುಮ್ಮನೆ ಕೂತಿರಿ. ಆಮೇಲೆ ಒಂದು ಸ್ಟೂಲು ಹಾಕಿಕೊಂಡು ಎರಡಡಿ ದೂರ, ಮತ್ತೆ ಕೆಲವು ರಾತ್ರಿಯ ನಂತರ ಬಾಗಿಲ ಹತ್ತಿರ, ಆಮೇಲೆ ಹೊಸ್ತಿಲಾಚೆ. ಮಾತು ಬೇಡ, ಫೋನು ಬೇಡ, ಕಣ್ಣಲ್ಲಿ ಕಣ್ಣಿಟ್ಟು ನಗುವುದೂ ಬೇಡ. ‘ಅಮ್ಮ ಇಲ್ಲೇ ಇದ್ದಾಳೆ, ಮಲಗು ಕಂದ’ ಎಂಬ ಒಂದೇ ವಾಕ್ಯ, ಅದೇ ದನಿಯಲ್ಲಿ. ಎರಡು ಮೂರು ವಾರ ಹಿಡಿಯಬಹುದು.

ಇದಕ್ಕಿಂತ ಬೇಗ ಆಗುವ ದಾರಿಯೂ ಇದೆ. ಬಾಸ್ಟನ್ನಿನ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್ 1985ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಅದು: ಕೋಣೆಯಿಂದ ಹೊರಬಂದು, ಮಗು ಅತ್ತರೆ ಕೆಲವು ನಿಮಿಷ ಕಾದು, ಒಳಹೋಗಿ ಚುಟುಕಾಗಿ ಸಮಾಧಾನ ಹೇಳಿ ಬರುವುದು, ಕಾಯುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಮಗುವಿನ ಮನಸ್ಸಿಗೆ ಗಾಯವಾಗುತ್ತದೆಂಬ ಭಯ ಹಲವರಿಗಿದೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಕೂಸುಗಳಾಗಿದ್ದಾಗ ಹೀಗೆ ಹಂತಹಂತವಾಗಿ ನಿದ್ದೆ ಕಲಿಸಿದ ಮನೆಗಳ ಮಕ್ಕಳನ್ನು ಆರು ವರ್ಷ ತುಂಬಿದಾಗ ಮತ್ತೆ ಪರೀಕ್ಷಿಸಿದರು. ಮನಸ್ಸಿನ ಆರೋಗ್ಯದಲ್ಲಾಗಲಿ ತಾಯಿ-ಮಗುವಿನ ನಂಟಿನಲ್ಲಾಗಲಿ ಕೆಡುಕು ಕಾಣಲಿಲ್ಲ ಎಂಬ ವರದಿ 2012ರಲ್ಲಿ ಬಂತು. ಆದರೂ ಗೋಡೆಯಾಚೆ ನೆರೆಮನೆ, ಪಕ್ಕದ ಕೋಣೆಯಲ್ಲಿ ಅತ್ತೆ-ಮಾವ ಇರುವ ನಮ್ಮ ಮನೆಗಳಲ್ಲಿ ಈ ಕಾಯುವ ದಾರಿ ನಡುವೆಯೇ ಮುರಿದುಬೀಳುವುದನ್ನು ಬಹಳ ಕಂಡಿದ್ದೇನೆ. ಮುರಿದುಬಿದ್ದರೆ ಮೊದಲಿಗಿಂತ ಕಷ್ಟ. ನಿಮ್ಮ ಕೈಲಿ ಕೊನೆಯವರೆಗೆ ನಡೆಸಲು ಆಗುವಂಥದ್ದನ್ನು ಆರಿಸಿಕೊಳ್ಳಿ. ನನ್ನ ಒಲವು ಸ್ಟೂಲಿನ ಕಡೆಗೆ.

ಮಗು ಎದ್ದು ಬಂದಾಗ ಕೈಹಿಡಿದು ಅದರ ಹಾಸಿಗೆಗೆ ಮರಳಿಸಿ. ದೀಪ ಹಾಕಬೇಡಿ, ಬೈಯಬೇಡಿ, ಮುದ್ದುಗರೆಯಬೇಡಿ. ಮತ್ತೆ ಬಂದರೆ ಮತ್ತೆ ಮರಳಿಸಿ. ನಾಲ್ಕು ಸಲ ಮರಳಿಸಿ ಐದನೆಯ ಸಲ ‘ಹೋಗಲಿ ಬಾ’ ಎಂದು ಪಕ್ಕಕ್ಕೆ ಸರಿದಿರೋ, ಐದು ಸಲ ಬಂದರೆ ಗೆಲುವು ಎಂಬ ಪಾಠವನ್ನು ನೀವೇ ಹೇಳಿಕೊಟ್ಟಂತಾಯಿತು. ಶುರುವಿನ ಮೂರು-ನಾಲ್ಕು ರಾತ್ರಿ ಅಳು ಹೆಚ್ಚುವುದೂ ಸಹಜ. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಎಂದು ಮಗು ಇನ್ನೂ ಜೋರಾಗಿ ಕೇಳಿ ನೋಡುತ್ತದೆ. ಮೂರು ದಾಟಿದ, ಮಾತು ಬಲಿತ ಮಗು ನೀರು ಬೇಕು, ಉಚ್ಚೆ ಬಂತು, ಇನ್ನೊಂದು ಮುತ್ತು ಎಂದು ನೆಪ ತೆಗೆಯುತ್ತಿದ್ದರೆ ಒಂದು ಚೀಟಿ ಕೊಡಿ: ಇದನ್ನು ಕೊಟ್ಟರೆ ಒಂದು ಸಲ ಹೊರಬರಬಹುದು, ಚೀಟಿ ಮುಗಿದರೆ ಮಲಗಬೇಕು. ಅಮೆರಿಕದ ಪ್ಯಾಟ್ರಿಕ್ ಫ್ರೀಮನ್ ಮತ್ತು ಸಂಗಡಿಗರು 1999ರಲ್ಲಿ ಬರೆದ ಉಪಾಯವಿದು. ಚೀಟಿಯನ್ನು ಖರ್ಚು ಮಾಡದೆ ಮುಷ್ಟಿಯಲ್ಲೇ ಹಿಡಿದು ಮಲಗುವ ಮಕ್ಕಳೂ ಇದ್ದಾರೆ.

ಅಜ್ಜಿಯಾಗಿ ಅಜ್ಜಿಯರಿಗೂ ಒಂದು ಮಾತು ಹೇಳುತ್ತೇನೆ. ಮೊಮ್ಮಗು ಅಳುವಾಗ ನಮ್ಮ ಕರುಳು ಕಿವುಚುತ್ತದೆ, ಕಾಲು ತಾನೇ ಅತ್ತ ನಡೆಯುತ್ತದೆ. ತಾಯಿ ಮರಳಿಸಿದ ಮಗುವನ್ನು ನಾವು ಎತ್ತಿಕೊಂಡರೆ ಆ ರಾತ್ರಿಯ ಅಳುವೆಲ್ಲ ವ್ಯರ್ಥ, ನಾಳೆ ಮತ್ತೆ ಅಷ್ಟೇ ಅಳಬೇಕು. ಸೊಸೆಯೂ ಶುರುಮಾಡುವ ಮೊದಲೇ ಅತ್ತೆಯೊಡನೆ ಕೂತು ಮಾತಾಡಲಿ, ಕಥೆಯ ಹೊತ್ತನ್ನು ಅಜ್ಜಿಗೇ ಬಿಟ್ಟುಕೊಡಲಿ. ಕೆಲಸವೊಂದು ತನ್ನದಾದ ಮೇಲೆ ಅಜ್ಜಿ ಯೋಜನೆಯ ಕಡೆಯವಳಾಗುತ್ತಾಳೆ.

‘ಮಲಗದಿದ್ದರೆ ಗುಮ್ಮ ಬರುತ್ತಾನೆ’ ಎಂಬ ಮಾತನ್ನು ಮನೆಯಿಂದ ಆಚೆ ಹಾಕಿ. ಪುರಂದರದಾಸರ ಕೃಷ್ಣನೂ ಗುಮ್ಮನಿಗೆ ಹೆದರಿದವನೇ. ಎರಡೂವರೆ ವರ್ಷದ ಹೊತ್ತಿಗೆ ಕಲ್ಪನೆ ಚಿಗುರುತ್ತದೆ, ಹಗಲು ಕೇಳಿದ ಗುಮ್ಮ ರಾತ್ರಿ ಕಪಾಟಿನ ಹಿಂದೆ ನಿಂತಿರುತ್ತಾನೆ. ಕೆಟ್ಟ ಕನಸು ಬೀಳುವುದು ಸಾಮಾನ್ಯವಾಗಿ ರಾತ್ರಿಯ ಕೊನೆಯ ಭಾಗದಲ್ಲಿ. ಮಗು ಪೂರ್ತಿ ಎಚ್ಚರಾಗಿ ಹೆದರಿ ಅಳುತ್ತದೆ, ನಿಮ್ಮನ್ನು ಅಪ್ಪುತ್ತದೆ. ಆಗ ಯಾವ ನಿಯಮವೂ ಬೇಡ, ಸಮಾಧಾನವಾಗುವ ತನಕ ಹತ್ತಿರವಿರಿ. ಇನ್ನೊಂದು ಬಗೆ ಇದೆ. ಮಲಗಿ ಎರಡು-ಮೂರು ತಾಸಿನೊಳಗೆ ಮಗು ಎದ್ದು ಕೂತು ಚೀರುತ್ತದೆ, ಕಣ್ಣು ತೆರೆದಿದ್ದರೂ ನಿಮ್ಮನ್ನು ಗುರುತಿಸುವುದಿಲ್ಲ, ಮೈ ಬೆವರುತ್ತದೆ. ಇದು ಗಾಢ ನಿದ್ದೆಯಿಂದ ಅರ್ಧಂಬರ್ಧ ಎಚ್ಚರಾಗುವುದು. ನಮ್ಮಲ್ಲಿ ಗಾಳಿ ಸೋಕಿತೆಂದು ಮನೆಮಂದಿಯೆಲ್ಲ ಸುತ್ತ ನೆರೆದು, ದೀಪ ಹಾಕಿ, ನೀರು ಚಿಮುಕಿಸಿ ಎಬ್ಬಿಸಲು ನೋಡುತ್ತಾರೆ. ಎಬ್ಬಿಸಬೇಡಿ. ಬಿದ್ದು ಪೆಟ್ಟಾಗದಂತೆ ನೋಡಿಕೊಂಡರೆ ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತದೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ.

ಎಲ್ಲ ಮಾಡಿದರೂ ನಿದ್ದೆ ಹತ್ತದಿದ್ದರೆ ಮಗುವಿನ ಮೈಯನ್ನು ನೋಡಿ. ದಿನವೂ ಗೊರಕೆ, ಬಾಯಲ್ಲಿ ಉಸಿರು, ಉಸಿರು ಕಟ್ಟಿದಂತಾಗಿ ಬೆಚ್ಚಿಬೀಳುವುದು ಇದ್ದರೆ ಮೂಗಿನ ಹಿಂದಿನ ಗ್ರಂಥಿ ದಪ್ಪವಾಗಿರಬಹುದು; ವೈದ್ಯರಿಗೆ ತೋರಿಸಿ. ರಾತ್ರಿ ಹಿಂಭಾಗ ಕೆರೆದುಕೊಳ್ಳುತ್ತಿದ್ದರೆ ದಾರದಂಥ ಹುಳುಗಳಿರಬಹುದು, ಅವು ರಾತ್ರಿಯೇ ಹೊರಬಂದು ಮೊಟ್ಟೆಯಿಡುತ್ತವೆ. ಫೆಬ್ರುವರಿ ಮತ್ತು ಆಗಸ್ಟ್‌ನ ಜಂತುಹುಳು ನಿವಾರಣಾ ದಿನಗಳಂದು ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ. ಕಾಲು ಸದಾ ಒದರುತ್ತ, ಹೊರಳಾಡುತ್ತಲೇ ಮಲಗುವ ಮಗುವಿಗೆ ಕಬ್ಬಿಣಾಂಶದ ಕೊರತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಇದೆ, ಆದ್ದರಿಂದ ಇದು ಅಪರೂಪದ ಸಂಗತಿ ಅಂದುಕೊಳ್ಳಬೇಡಿ. ಹಾಸಿಗೆ ಒದ್ದೆ ಮಾಡುವುದಕ್ಕೆ ಮಾತ್ರ ಈ ವಯಸ್ಸಿನಲ್ಲಿ ಯಾವ ಔಷಧಿಯೂ ಬೇಡ, ಬೈಗುಳವೂ ಬೇಡ. ಐದು ವರ್ಷದವರೆಗೆ ಅದು ಬೆಳವಣಿಗೆಯ ಭಾಗ.

ನಿದ್ದೆಗೆಂದು ನೆಗಡಿಯ ಸಿರಪ್ಪು ಕುಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಎಚ್ಚರಿಕೆ ಹಾಕುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಜಾಯಿಕಾಯಿ ತೇಯ್ದು ನೆಕ್ಕಿಸುವ ವಾಡಿಕೆಯನ್ನೂ ಕೈಬಿಡಿ. ಪ್ರಮಾಣ ಹೆಚ್ಚಾದರೆ ಅದು ನರಗಳ ಮೇಲೆ ಕೆಲಸ ಮಾಡುವ ವಿಷ.

ಹೊಸ ಕೂಸು ಬರುವುದಿದ್ದರೆ ಹೆರಿಗೆಗೆ ಎರಡು-ಮೂರು ತಿಂಗಳು ಮೊದಲೇ ಹಾಸಿಗೆ ಬದಲಾಗಲಿ, ಇಲ್ಲವೇ ಕೂಸು ಬಂದು ಮನೆ ಒಂದು ಹದಕ್ಕೆ ಬರುವವರೆಗೆ ತಡೆಯಿರಿ. ತಮ್ಮ ಬಂದ ದಿನವೇ ಅಕ್ಕನನ್ನು ಅಮ್ಮನ ಮಗ್ಗುಲಿನಿಂದ ಎಬ್ಬಿಸಬಾರದು. ಜ್ವರ ಬಂದಾಗ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಮಗು ಅಜ್ಜಿಯ ಸೆರಗಿನಲ್ಲಿ, ಚಿಕ್ಕಪ್ಪನ ಮಕ್ಕಳ ಸಾಲಿನಲ್ಲಿ ಹನ್ನೊಂದಕ್ಕೆ ಮಲಗಲಿ, ಆ ಸುಖವನ್ನು ಕಿತ್ತುಕೊಳ್ಳಬೇಡಿ. ಹೋಗುವಾಗ ಅದರ ಹೊದಿಕೆಯನ್ನು ಮಾತ್ರ ಚೀಲದಲ್ಲಿ ಹಾಕಿಕೊಳ್ಳಿ. ಮರಳಿ ಬಂದ ದಿನ, ಬಸ್ಸಿನ ದಣಿವಿದ್ದರೂ, ಅದೇ ಬಿಸಿನೀರು, ಅದೇ ಕಥೆ, ಅದೇ ಹಾಸಿಗೆ. ಎರಡು-ಮೂರು ರಾತ್ರಿ ಮತ್ತೆ ಅಳುತ್ತದೆ. ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಅಲ್ಲಿಂದಲೇ ಶುರುಮಾಡಿ. ಈ ಸಲ ಬಾಗಿಲ ತನಕ ಹೋಗಲು ಅಷ್ಟು ದಿನ ಬೇಕಾಗುವುದಿಲ್ಲ.